ನಾಲ್ಕರಲ್ಲಿ ಒಂದು ಕಿಡಿ ತಪ್ಪಿದರೆ: ಎಂಜಿನ್ ‘ಮಿಸ್ಸಿಂಗ್’ ಹುಡುಕಿದವರ ಇತಿಹಾಸ

ಈ ವಾರದ ವಿಡಿಯೋದಲ್ಲಿ ಮಾತಾಡಿದ್ದನ್ನೇ ಸ್ವಲ್ಪ ಒಪ್ಪ ಮಾಡಿ ಇಲ್ಲಿ ಬರೆದಿದ್ದೀನಿ. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರು, ಕಲ್ಯಾಣ್ ದಾಟಿದ ಮೇಲೆ ಲೋಕಲ್‌ನಲ್ಲಿ ಸೀಟು ಸಿಕ್ಕಾಗ ಓದುವವರು, ಇದನ್ನು ಓದಿದರೆ ಸಾಕು.

ವಿಷಯ ಕಾರಿನ ಎಂಜಿನ್ನಿನ ಮಿಸ್‌ಫೈರ್. ಗ್ಯಾರೇಜ್ ಭಾಷೆಯಲ್ಲಿ ಹೇಳೋದಾದ್ರೆ ‘ಗಾಡಿ ಮಿಸ್ಸಿಂಗ್ ಹೊಡೀತಿದೆ’. ಇತಿಹಾಸದ ಚಾನೆಲ್‌ನಲ್ಲಿ ಇದ್ಯಾಕೆ ಅಂತ ಕೇಳಬಹುದು. ಕಾರಣ ಇದೆ. ಈ ಒಂದು ಕಾಯಿಲೆಯ ಹಿಂದೆ ಹೋದ್ರೆ ಬೆಂಗಳೂರಿನ ಆಡುಗೋಡಿ ಬರುತ್ತೆ, ಮುಂಬೈಯ ಕುರ್ಲಾ ಬರುತ್ತೆ, ನಮ್ಮ ಬದಲಾಪುರದ ಪಕ್ಕದ ಡೊಂಬಿವಲಿ ಬರುತ್ತೆ, ಸರ್ ಎಂ. ವಿಶ್ವೇಶ್ವರಯ್ಯನವರೂ ಬರ್ತಾರೆ. ಜೊತೆಗೆ ಇನ್ನೊಂದು ಮಾತಿದೆ. 120 ವರ್ಷಗಳಲ್ಲಿ ಮಿಸ್ಸಿಂಗ್ ಹುಡುಕುವ ಉಪಕರಣ ಪೂರ್ತಿ ಬದಲಾಗಿದೆ. ಹುಡುಕುವ ರೀತಿ ಮಾತ್ರ ಬದಲಾಗಿಲ್ಲ. ಆ ರೀತಿಯನ್ನೇ ನಾವೀಗ ಕಳೆದುಕೊಳ್ತಾ ಇದ್ದೀವಿ ಅನ್ನೋದು ನನ್ನ ವಾದ.

ಮಿಸ್ಸಿಂಗ್ ಅಂದ್ರೆ ಏನು

ನಾಲ್ಕು ಸಿಲಿಂಡರ್‌ನ ಸಾಮಾನ್ಯ ಪೆಟ್ರೋಲ್ ಎಂಜಿನ್ ತಗೊಳ್ಳಿ. ಪ್ರತಿ ಸಿಲಿಂಡರ್‌ನಲ್ಲೂ ಎಂಜಿನ್ ಎರಡು ಸುತ್ತು ತಿರುಗಿದಾಗ ಒಂದು ಸಲ ಕಿಡಿ ಹಾರಿ, ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಉರಿಯಬೇಕು. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗ್ತಿದ್ರೆ ಸೆಕೆಂಡಿಗೆ ಒಟ್ಟು 100 ಕಿಡಿ. ಇವು ಹಾರುವ ಸರದಿ ಬಹುತೇಕ ಕಾರುಗಳಲ್ಲಿ 1-3-4-2. ಈ ಸರದಿಯಲ್ಲಿ ಯಾವುದಾದ್ರೂ ಒಂದು ಸಿಲಿಂಡರ್ ಉರಿಯದೇ ಹೋದ್ರೆ, ಅಥವಾ ಅರೆಬರೆ ಉರಿದ್ರೆ, ಅದೇ ಮಿಸ್ಸಿಂಗ್. ಗಾಡಿ ನಿಂತಲ್ಲೇ ನಡುಗುತ್ತೆ, ಪಿಕಪ್ ಇರಲ್ಲ, ಸೈಲೆನ್ಸರ್‌ನಿಂದ ಪೆಟ್ರೋಲ್ ವಾಸನೆ ಬರುತ್ತೆ.

ಕಾರಣಗಳು ನೂರಿರಬಹುದು, ಆದ್ರೆ ಅವೆಲ್ಲ ಮೂರೇ ಮನೆಯವು. ಒಂದು, ಕಿಡಿ ಸರಿಯಾಗಿ ಬರ್ತಿಲ್ಲ. ಎರಡು, ಪೆಟ್ರೋಲ್ ಮತ್ತು ಗಾಳಿಯ ಅಳತೆ ತಪ್ಪಿದೆ. ಮೂರು, ಸಿಲಿಂಡರ್‌ನಲ್ಲಿ ಒತ್ತಡ ನಿಲ್ತಿಲ್ಲ, ಅಂದ್ರೆ ವಾಲ್ವೋ ಪಿಸ್ಟನ್ ರಿಂಗೋ ಸೋರ್ತಿದೆ. ಇಡೀ ಇತಿಹಾಸ ಈ ಮೂರರ ಸುತ್ತಲೇ ತಿರುಗುತ್ತೆ.

ಮೊದಲ ತಲೆನೋವೇ ಕಿಡಿ

1886ರಲ್ಲಿ ಪೇಟೆಂಟ್ ಪಡೆದ ಕಾರ್ಲ್ ಬೆಂಜ್‌ರ ಮೂರು ಚಕ್ರದ ಗಾಡಿಯಲ್ಲಿ ಬ್ಯಾಟರಿ ಮತ್ತು ಕಾಯಿಲ್‌ನಿಂದ ಕಿಡಿ ಬರ್ತಿತ್ತು. ಅದೇ ಕಾಲದ ಡೈಮ್ಲರ್ ಎಂಜಿನ್‌ನಲ್ಲಿ ಕಿಡಿಯೇ ಇಲ್ಲ, ಕೆಂಪಗೆ ಕಾದ ಒಂದು ಕೊಳವೆ ಪೆಟ್ರೋಲನ್ನು ಹೊತ್ತಿಸ್ತಿತ್ತು. ಗಾಳಿ ಜೋರಾಗಿ ಬೀಸಿದ್ರೆ ಕೊಳವೆ ಕಾಯಿಸುವ ಬರ್ನರ್ ಆರಿಹೋಗೋದು. ಅಂದ್ರೆ ಕಾರು ಹುಟ್ಟಿದ ದಿನದಿಂದಲೂ ಮಿಸ್ಸಿಂಗ್ ಇದೆ.

ದೊಡ್ಡ ಬದಲಾವಣೆ ಬಂದಿದ್ದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. 1902ರಲ್ಲಿ ಬಾಷ್ ಕಂಪನಿಯ ಎಂಜಿನಿಯರ್ ಗಾಟ್ಲೋಬ್ ಹೊನೊಲ್ಡ್, ಹೆಚ್ಚು ವೋಲ್ಟೇಜಿನ ಮ್ಯಾಗ್ನೆಟೋ ಮತ್ತು ಅದಕ್ಕೆ ಸರಿಹೊಂದುವ ಸ್ಪಾರ್ಕ್ ಪ್ಲಗ್ ರೂಪಿಸಿದ್ರು. ಹತ್ತು ವರ್ಷದೊಳಗೆ ಅಮೆರಿಕದಲ್ಲಿ ಚಾರ್ಲ್ಸ್ ಕೆಟರಿಂಗ್ ಮಾಡಿದ ಬ್ಯಾಟರಿ, ಕಾಯಿಲ್, ಪಾಯಿಂಟ್‌ಗಳ ವ್ಯವಸ್ಥೆ ಕ್ಯಾಡಿಲಾಕ್ ಕಾರಿಗೆ ಬಂತು. ಇದರ ಉಪಾಯ ಸರಳ. ಕಾಯಿಲ್‌ನಲ್ಲಿ ಕರೆಂಟ್ ಹರಿಯೋಕೆ ಬಿಡೋದು, ಸರಿಯಾದ ಕ್ಷಣದಲ್ಲಿ ಪಾಯಿಂಟ್ ತೆರೆದು ಅದನ್ನು ತಟ್ಟನೆ ಕಡಿಯೋದು. ಆಗ ಕಡಿಮೆ ವೋಲ್ಟಿನ ಬ್ಯಾಟರಿಯಿಂದಲೇ ಸಾವಿರಾರು ವೋಲ್ಟ್ ಎದ್ದು ಪ್ಲಗ್‌ನ ಸಂದಿಯಲ್ಲಿ ಕಿಡಿ ಹಾರುತ್ತೆ. ಮುಂದಿನ ಅರವತ್ತು ಎಪ್ಪತ್ತು ವರ್ಷ ಜಗತ್ತಿನ ಬಹುಪಾಲು ಕಾರುಗಳು ಓಡಿದ್ದು ಇದರ ಮೇಲೇ.

ಇಲ್ಲಿ ಸ್ಪೋರ್ಟ್ಸ್ ಕಾರುಗಳ ಕಥೆ ಸ್ವಲ್ಪ ಬೇರೆ. ನಿಮಿಷಕ್ಕೆ 6000 ಸುತ್ತು ತಿರುಗುವ ನಾಲ್ಕು ಸಿಲಿಂಡರ್ ಎಂಜಿನ್‌ಗೆ ಸೆಕೆಂಡಿಗೆ 200 ಕಿಡಿ ಬೇಕು. ಅಂದ್ರೆ ಆ ಪುಟ್ಟ ಪಾಯಿಂಟ್ ಸೆಕೆಂಡಿಗೆ 200 ಸಲ ತೆರೆದು ಮುಚ್ಚಬೇಕು. ಅದರ ಸ್ಪ್ರಿಂಗ್ ಸ್ವಲ್ಪ ಸೋತಿದ್ರೂ ಪಾಯಿಂಟ್ ಪೂರ್ತಿ ಮುಚ್ಚೋಕೆ ಮುಂಚೆಯೇ ಮತ್ತೆ ತೆರೆಯೋ ಹೊತ್ತು ಬಂದಿರುತ್ತೆ. ಕಾಯಿಲ್ ತುಂಬೋಕೆ ಸಮಯವೇ ಸಿಗಲ್ಲ. ಹಾಗಾಗಿ ಟ್ಯಾಕ್ಸಿ ಸಿಗ್ನಲ್‌ನಲ್ಲಿ ನಿಂತಾಗ ಮಿಸ್ಸಿಂಗ್ ಹೊಡೆದ್ರೆ, ರೇಸ್ ಕಾರು ನೇರ ರಸ್ತೆಯಲ್ಲಿ ಪೂರ್ತಿ ವೇಗಕ್ಕೆ ಬಂದಾಗ ಹೊಡೆಯೋದು. ಅದಕ್ಕೇ ರೇಸ್‌ನವರು ಮ್ಯಾಗ್ನೆಟೋವನ್ನು ಬಹಳ ಕಾಲ ಬಿಡಲಿಲ್ಲ. ಮ್ಯಾಗ್ನೆಟೋದ ಗುಣ ಅಂದ್ರೆ ವೇಗ ಹೆಚ್ಚಿದಷ್ಟೂ ಕಿಡಿ ಬಲವಾಗೋದು.

ಮಿಸ್ಸಿಂಗ್ ಹುಡುಕುವವನ ಮೊದಲ ಪ್ರಶ್ನೆ ಹುಟ್ಟಿದ್ದು ಇಲ್ಲೇ: ಯಾವಾಗ ತಪ್ಪುತ್ತೆ?

ಕುರ್ಲಾ ಮತ್ತು ಆಡುಗೋಡಿ

ಈಗ ನಮ್ಮ ದೇಶಕ್ಕೆ ಬರೋಣ. ಭಾರತದಲ್ಲೇ ಕಾರು ತಯಾರಾಗಬೇಕು ಅಂತ ಯೋಜನೆ ಹಿಡಿದು ಓಡಾಡಿದವರಲ್ಲಿ ಮೊದಲಿಗರು ನಮ್ಮ ವಿಶ್ವೇಶ್ವರಯ್ಯನವರು. 1930ರ ದಶಕದ ನಡುವಿನಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಯುರೋಪ್ ಮತ್ತು ಅಮೆರಿಕದ ಕಾರ್ಖಾನೆಗಳನ್ನು ನೋಡಿ ಬಂದು ಒಂದು ಮೋಟಾರು ಕಾರ್ಖಾನೆಯ ಯೋಜನೆ ಸಿದ್ಧಮಾಡಿದ್ರು. ಅದನ್ನು ಮುಂದೆ ಎಳೆದವರು ಉದ್ಯಮಿ ವಾಲ್‌ಚಂದ್ ಹೀರಾಚಂದ್. ಯುದ್ಧಕಾಲದ ಬ್ರಿಟಿಷ್ ಸರ್ಕಾರ ಕೈಜೋಡಿಸಲಿಲ್ಲ. ಇದೇ ವಾಲ್‌ಚಂದ್ 1940ರಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರುಮಾಡಿದ್ದು, ಅದೇ ಇವತ್ತಿನ ಎಚ್ಎಎಲ್. ಕಾರಿನ ಕನಸು ಮಾತ್ರ 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಅನ್ನೋ ಹೆಸರಿನಲ್ಲಿ ಮುಂಬೈಗೆ ಬಂತು. ಕಾರ್ಖಾನೆ ಕುರ್ಲಾದಲ್ಲಿ.

ಮೊದಲು ಕ್ರೈಸ್ಲರ್ ಜೊತೆ, ಆಮೇಲೆ ಇಟಲಿಯ ಫಿಯೆಟ್ ಜೊತೆ ಒಪ್ಪಂದ. 1964ರಲ್ಲಿ ಫಿಯೆಟ್ 1100 ಡಿ ಬಂತು. ಅದೇ ಕಾರು 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಆಯ್ತು. 1089 ಸಿಸಿ, ನಾಲ್ಕು ಸಿಲಿಂಡರ್, ಒಂದು ಡಿಸ್ಟ್ರಿಬ್ಯೂಟರ್, ಒಂದು ಜೊತೆ ಪಾಯಿಂಟ್. ಮುಂಬೈಯ ಕಾಳಿ-ಪೀಳಿ ಟ್ಯಾಕ್ಸಿ ಅಂದ್ರೆ ಬಹಳ ವರ್ಷ ಇದೇ ಗಾಡಿ.

ಇತ್ತ 1951ರಲ್ಲಿ ಬಾಷ್ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಹುಟ್ಟಿತು. ಎಲ್ಲರ ಬಾಯಲ್ಲಿ ಅದು ‘ಮೈಕೋ’. ಆಡುಗೋಡಿಯ ಆ ಕಾರ್ಖಾನೆ ಡೀಸೆಲ್ ಪಂಪಿಗೂ ಸ್ಪಾರ್ಕ್ ಪ್ಲಗ್ಗಿಗೂ ಹೆಸರಾಯ್ತು. ಬಿಟಿಎಂ ಕಡೆ ಇರೋರಿಗೆ ಮೈಕೋ ಲೇಔಟ್ ಗೊತ್ತಲ್ಲ, ಆ ಹೆಸರು ಇಲ್ಲಿಂದಲೇ ಬಂದಿದ್ದು. 2008ರಲ್ಲಿ ಕಂಪನಿಯ ಹೆಸರು ಬಾಷ್ ಲಿಮಿಟೆಡ್ ಆಯ್ತು, ಆದ್ರೆ ಹಳೇ ಮಿಸ್ತ್ರಿಗಳು ಇವತ್ತಿಗೂ ‘ಮೈಕೋ ಪ್ಲಗ್ ಕೊಡಿ’ ಅಂತಲೇ ಕೇಳ್ತಾರೆ. 1902ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಹೊತ್ತಿದ ಕಿಡಿ ಆಡುಗೋಡಿ ದಾರಿಯಾಗಿ ಕುರ್ಲಾದ ಎಂಜಿನ್ನಿಗೆ ಬಂದಿದ್ದು ಹೀಗೆ.

ಕಿವಿ ಮತ್ತು ಕೈ

ಆ ಕಾಲದಲ್ಲಿ ಸ್ಕ್ಯಾನರ್ ಇಲ್ಲ. ಮಿಸ್ತ್ರಿ ಮಾಡ್ತಿದ್ದಿದ್ದು ಇಷ್ಟು. ಎಂಜಿನ್ ಚಾಲೂ ಇಟ್ಟು, ಒಂದೊಂದೇ ಪ್ಲಗ್ ವಯರ್ ಬಿಚ್ಚಿ ನೋಡೋದು. ವಯರ್ ಬಿಚ್ಚಿದಾಗ ಎಂಜಿನ್ ಇನ್ನಷ್ಟು ನಡುಗಿದ್ರೆ ಆ ಸಿಲಿಂಡರ್ ಕೆಲಸ ಮಾಡ್ತಿತ್ತು ಅಂತ ಅರ್ಥ. ಬಿಚ್ಚಿದ್ರೂ ಸದ್ದು ಬದಲಾಗದಿದ್ರೆ ಕಳ್ಳ ಅಲ್ಲೇ ಇದಾನೆ.

ಮುಂದಿನ ಹೆಜ್ಜೆ ಇನ್ನೂ ಚೆನ್ನಾಗಿದೆ. ಎರಡನೇ ಸಿಲಿಂಡರ್ ಸತ್ತಿದೆ ಅಂದ್ಕೊಳ್ಳಿ. ಅದರ ಪ್ಲಗ್ ತೆಗೆದು ಮೂರಕ್ಕೆ ಹಾಕಿ, ಮೂರರದ್ದನ್ನು ಎರಡಕ್ಕೆ ಹಾಕೋದು. ಈಗ ಮಿಸ್ಸಿಂಗ್ ಮೂರಕ್ಕೆ ಹೋದ್ರೆ ತಪ್ಪು ಪ್ಲಗ್‌ನದ್ದು. ಎರಡರಲ್ಲೇ ಉಳಿದ್ರೆ ಪ್ಲಗ್ ನಿರಪರಾಧಿ. ಆಮೇಲೆ ವಯರ್ ಹೀಗೇ ಅದಲುಬದಲು. ಅದೂ ಸರಿ ಇದ್ರೆ ಡಿಸ್ಟ್ರಿಬ್ಯೂಟರ್ ಕ್ಯಾಪ್ ನೋಡೋದು, ಕೊನೆಗೆ ಕಂಪ್ರೆಷನ್. ಒಂದು ಸಲಕ್ಕೆ ಒಂದೇ ಬದಲಾವಣೆ. ನಾವು ಸಾಫ್ಟ್‌ವೇರ್‌ನವರು ಬಗ್ ಹುಡುಕೋವಾಗ ಮಾಡೋದೂ ಇದೇ. ಎಂಟೆಕ್‌ನಲ್ಲಿ ನನಗೆ ಇದನ್ನು ದೊಡ್ಡ ಹೆಸರಿಟ್ಟು ಕಲಿಸಿದ್ರು.

ಬಿಚ್ಚಿದ ಪ್ಲಗ್ ಸ್ವತಃ ಒಂದು ವರದಿ. ತುದಿ ಬಿಸ್ಕತ್ ಬಣ್ಣಕ್ಕಿದ್ರೆ ಎಂಜಿನ್ ಆರೋಗ್ಯವಾಗಿದೆ. ಒಣ ಕಪ್ಪು ಮಸಿ ಇದ್ರೆ ಪೆಟ್ರೋಲ್ ಜಾಸ್ತಿ. ಎಣ್ಣೆ ಹಚ್ಚಿದಂತೆ ಒದ್ದೆ ಇದ್ರೆ ರಿಂಗ್ ಅಥವಾ ವಾಲ್ವ್ ಸೀಲ್ ಹೋಗಿದೆ. ಸುಣ್ಣದ ಹಾಗೆ ಬೆಳ್ಳಗಿದ್ರೆ ಎಂಜಿನ್ ಅತಿಯಾಗಿ ಕಾಯ್ತಿದೆ, ಪೆಟ್ರೋಲ್ ಕಡಿಮೆ ಆಗ್ತಿರಬಹುದು.

ಮಳೆಗಾಲ ಬಂದ್ರೆ ಮುಂಬೈಯಲ್ಲಿ ಡಿಸ್ಟ್ರಿಬ್ಯೂಟರ್ ಕ್ಯಾಪ್ ಒಳಗೆ ತೇವ ಕೂತು, ಕಿಡಿ ಹೋಗಬೇಕಾದ ಕಡೆ ಹೋಗದೆ ಪ್ಲಾಸ್ಟಿಕ್ ಮೇಲೆಯೇ ಅಡ್ಡದಾರಿ ಹಿಡಿಯೋದು. ಕತ್ತಲಲ್ಲಿ ಬಾನೆಟ್ ಎತ್ತಿ, ವಯರ್ ಮೇಲೆ ಸ್ವಲ್ಪ ನೀರು ಚಿಮುಕಿಸಿದ್ರೆ ನೀಲಿ ಕಿಡಿಗಳು ಎಲ್ಲೆಲ್ಲಿ ಸೋರ್ತಿವೆ ಅಂತ ಬರಿಗಣ್ಣಿಗೆ ಕಾಣ್ತಿತ್ತು. ಟ್ಯಾಕ್ಸಿಗಳು ಸಿಎನ್‌ಜಿಗೆ ಬದಲಾದಾಗ ಹೊಸ ತಲೆನೋವು. ಸಿಎನ್‌ಜಿ ಹೊತ್ತಿಕೊಳ್ಳೋಕೆ ಪೆಟ್ರೋಲ್‌ಗಿಂತ ಹೆಚ್ಚು ವೋಲ್ಟೇಜ್ ಬೇಕು. ಪೆಟ್ರೋಲ್‌ನಲ್ಲಿ ಹೇಗೋ ನಡೀತಿದ್ದ ಸವೆದ ಪ್ಲಗ್, ಹಳೇ ವಯರ್ ಎಲ್ಲ ಸಿಎನ್‌ಜಿಯಲ್ಲಿ ಸಿಕ್ಕಿಬೀಳ್ತಿದ್ವು.

ಇದೇ ಫಿಯೆಟ್‌ಗಳನ್ನು ರೇಸ್‌ಗೂ ಇಳಿಸ್ತಿದ್ರು. ಮುಂಬೈಯ ಜುಹು, ಮದ್ರಾಸ್ ಹತ್ತಿರದ ಶೋಲಾವರಂ, ಬೆಂಗಳೂರಿನ ಯಲಹಂಕ, ಇಲ್ಲೆಲ್ಲ ವಿಮಾನದ ಓಟಪಟ್ಟಿಯ ಮೇಲೆಯೇ ರೇಸ್. ವೇಗಕ್ಕಾಗಿ ಎರಡು ಕಾರ್ಬುರೇಟರ್ ಹಾಕಿದ್ರೆ ಎರಡೂ ಒಂದೇ ಸಮ ಗಾಳಿ ಎಳೀಬೇಕು. ಇಲ್ಲದಿದ್ರೆ ಕಿಡಿ ಸರಿ ಇದ್ರೂ ಎಂಜಿನ್ ಕುಂಟುತ್ತೆ. ಅದನ್ನು ಸರಿಮಾಡೋಕೆ ಮಿಸ್ತ್ರಿಗಳು ಒಂದು ರಬ್ಬರ್ ಪೈಪಿನ ತುದಿ ಕಿವಿಗಿಟ್ಟು, ಇನ್ನೊಂದು ತುದಿಯನ್ನು ಕಾರ್ಬುರೇಟರ್ ಬಾಯಿಗೆ ಹಿಡಿದು ‘ಹಿಸ್’ ಸದ್ದನ್ನು ಹೋಲಿಸೋರು.

ಫೈಬರ್ ಬಾಡಿಯ ಕಾರುಗಳು

ಸ್ಪೋರ್ಟ್ಸ್ ಕಾರಿನ ಜಗತ್ತಿಗೆ ಫೈಬರ್‌ಗ್ಲಾಸ್ ಬಂದ ಮೇಲೆ ಮಿಸ್ಸಿಂಗ್‌ಗೆ ಇನ್ನೊಂದು ಅಡಗುತಾಣ ಸಿಕ್ತು. 1953ರಲ್ಲಿ ಅಮೆರಿಕದಲ್ಲಿ ಬಂದ ಷೆವ್ರೊಲೆ ಕಾರ್ವೆಟ್‌ನ ಬಾಡಿ ಪೂರ್ತಿ ಫೈಬರ್. ಹಗುರ, ತುಕ್ಕಿಲ್ಲ. ಆದ್ರೆ ಸಾಮಾನ್ಯ ಕಾರಿನಲ್ಲಿ ತಗಡಿನ ಬಾಡಿ ಎರಡು ಕೆಲಸ ಸದ್ದಿಲ್ಲದೆ ಮಾಡ್ತಿರುತ್ತೆ. ಒಂದು, ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ ಅದೇ. ಎರಡು, ಕಿಡಿಯಿಂದ ಏಳುವ ರೇಡಿಯೋ ಗದ್ದಲವನ್ನು ತಡೆಯೋದೂ ಅದೇ. ಫೈಬರ್ ಇವೆರಡನ್ನೂ ಮಾಡಲ್ಲ. ಕಾರ್ವೆಟ್‌ನಲ್ಲಿ ಡಿಸ್ಟ್ರಿಬ್ಯೂಟರ್ ಮೇಲೆ ಲೋಹದ ಕವಚ ಹಾಕಬೇಕಾಯ್ತು, ಇಲ್ಲದಿದ್ರೆ ರೇಡಿಯೋದಲ್ಲಿ ಹಾಡಿನ ಬದಲು ಟರ್ರ್ ಅಂತ ಸದ್ದು. ಅರ್ಥಿಂಗ್‌ಗೆ ಪ್ರತಿಯೊಂದಕ್ಕೂ ಬೇರೆ ವಯರ್ ಎಳೀಬೇಕಾಯ್ತು.

ಫೈಬರ್ ಬಾಡಿಗೂ ಕರ್ನಾಟಕಕ್ಕೂ ಹಳೇ ನಂಟು. 1980ರ ದಶಕದಲ್ಲಿ ಬೆಂಗಳೂರಿನ ಸಿಪಾನಿಯವರು ಬ್ರಿಟನ್ನಿನ ರಿಲಯಂಟ್ ಕಿಟನ್ ಆಧಾರದ ಮೇಲೆ 848 ಸಿಸಿಯ ಡಾಲ್ಫಿನ್ ಕಾರು ಮಾಡಿದ್ರು. ಹಗುರ ಇದ್ದಿದ್ರಿಂದ ರ್‍ಯಾಲಿಯವರಿಗೆ ಅದು ಅಚ್ಚುಮೆಚ್ಚು. 1990ರ ದಶಕದ ಕೊನೆಗೆ ಸ್ಯಾನ್ ಸ್ಟಾರ್ಮ್ ಬಂತು. ಎರಡು ಸೀಟು, ಬಿಚ್ಚುವ ಮೇಲ್ಛಾವಣಿ, ರೆನೋದ 1149 ಸಿಸಿ ಎಂಜಿನ್. ಕಾರು ತಯಾರಾಗಿದ್ದು ಗೋವಾದಲ್ಲಿ, ಆದ್ರೆ ಅದರ ಹಿಂದಿದ್ದ ಮಾತೃಸಂಸ್ಥೆ ಬೆಂಗಳೂರಿನ ರೈಲು ಎಂಜಿನ್ ಕಂಪನಿ, ಸ್ಯಾನ್ ಎಂಜಿನಿಯರಿಂಗ್ ಆ್ಯಂಡ್ ಲೋಕೊಮೋಟಿವ್.

ಇದೇ ದಶಕದಲ್ಲಿ ನಮ್ಮ ಪಕ್ಕದಲ್ಲೂ ಒಂದು ಪ್ರಯತ್ನ ಆಯ್ತು. ಪ್ರೀಮಿಯರ್‌ನವರು ಫ್ರಾನ್ಸಿನ ಪೂಜೊ ಜೊತೆ ಸೇರಿ ಡೊಂಬಿವಲಿ-ಕಲ್ಯಾಣ್ ಭಾಗದ ಕಾರ್ಖಾನೆಯಲ್ಲಿ ಪೂಜೊ 309 ಜೋಡಿಸಿದ್ರು. ಯುರೋಪಿನಲ್ಲಿ ಆ ಕಾರಿನ ಜಿಟಿಐ ರೂಪಕ್ಕೆ ಸ್ಪೋರ್ಟ್ಸ್ ಕಾರಿನ ಮರ್ಯಾದೆ ಇತ್ತು. ಇಲ್ಲಿ ಕಾರ್ಮಿಕ ವಿವಾದ, ಪಾಲುದಾರರ ಜಗಳದಲ್ಲಿ ಕೆಲವೇ ವರ್ಷದಲ್ಲಿ ಎಲ್ಲ ಮುಗೀತು. ಕಲ್ಯಾಣ್-ಶೀಲ್ ರಸ್ತೆಯಲ್ಲಿ ‘ಪ್ರೀಮಿಯರ್ ಗ್ರೌಂಡ್’ ಅಂತ ಕಾರ್ಯಕ್ರಮಗಳಿಗೆ ಹೋಗ್ತೀವಲ್ಲ, ಆ ಹೆಸರಿನ ಹಿಂದಿನ ಕಥೆ ಇದು.

ಬದಲಾಪುರದ ಒಂದು ಕೇಸು

ಈಗ ನಾನು ಕಣ್ಣಾರೆ ಕಂಡ ಒಂದು ಪ್ರಸಂಗ. ಕಾರಿನ ಹೆಸರು, ವರ್ಕ್‌ಶಾಪಿನ ಹೆಸರು ಬೇಡ. ನನ್ನ ಸ್ನೇಹಿತರೊಬ್ಬರ ಹತ್ತಿರ ಹಳೇ ಎರಡು ಸೀಟಿನ ಕಾರಿದೆ. ಫೈಬರ್ ಬಾಡಿ, ಇಂಜೆಕ್ಷನ್ ಎಂಜಿನ್. ಕಳೆದ ಮಳೆಗಾಲದಲ್ಲಿ ಮಿಸ್ಸಿಂಗ್ ಶುರುವಾಯ್ತು. ವರ್ಕ್‌ಶಾಪಿನಲ್ಲಿ ಸ್ಕ್ಯಾನರ್ ಹಾಕಿದಾಗ ಕ್ರ್ಯಾಂಕ್ ಸೆನ್ಸರ್ ಅಂತ ಬಂತು, ಬದಲಾಯಿಸಿದ್ರು. ಸರಿಹೋಗಲಿಲ್ಲ. ಪ್ಲಗ್, ವಯರ್ ಹೊಸದು ಹಾಕಿದ್ರು. ಇಲ್ಲ. ಕಾಯಿಲ್ ಬದಲಾಯಿಸಿದ್ರು. ಇಲ್ಲ. ಕೊನೆಗೆ ‘ಇಸಿಯು ಹೋಗಿದೆ, ಸಿಗೋದು ಕಷ್ಟ, ಸಿಕ್ರೂ ಲಕ್ಷ ದಾಟುತ್ತೆ, ಮಾರಿಬಿಡಿ’ ಅಂದ್ರು. ಅವರ ಅಪ್ಪ ರಿಟೈರ್ ಆದಾಗ ತಗೊಂಡ ಗಾಡಿ ಅದು. ಮಾರೋ ಮಾತು ಕೇಳಿ ಅವರ ಮುಖ ಸಣ್ಣದಾಯ್ತು.

ಉಲ್ಹಾಸನಗರದಲ್ಲಿ ಕುಂದಾಪುರ ಕಡೆಯ ಒಬ್ಬ ಹಿರಿಯ ಮಿಸ್ತ್ರಿ ಇದಾರೆ. ಮೂವತ್ತು ವರ್ಷ ಟ್ಯಾಕ್ಸಿ ರಿಪೇರಿ ಮಾಡಿದವರು. ಅವರನ್ನು ಕರ್ಕೊಂಡು ಬಂದ್ವಿ. ಬಂದವರು ಬಾನೆಟ್ ಎತ್ತಲೇ ಇಲ್ಲ. ಮೊದಲು ಕೇಳಿದ್ದು, ‘ಯಾವಾಗ ಮಿಸ್ ಹೊಡೀತದೆ?’

ಸ್ನೇಹಿತರು ಅಂದ್ರು, ‘ಮಳೆ ಬಂದಾಗ, ಅಣ್ಣ. ರಾತ್ರಿ ಹೊತ್ತು ಜಾಸ್ತಿ.’

‘ರಾತ್ರಿ ಮಳೆ ಇಲ್ಲದಿದ್ರೆ?’

‘ಆಗಲೂ ಹೊಡೆಯುತ್ತೆ.’

‘ಹಾಗಾದ್ರೆ ಮಳೆ ಅಲ್ಲ ಮಾರಾಯ್ರೆ. ಲೈಟ್ ಹಾಕಿ ನೋಡ್ವ.’

ಹಗಲು ಹೊತ್ತಲ್ಲಿ, ಒಣ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಹೆಡ್‌ಲೈಟ್, ವೈಪರ್, ಬ್ಲೋವರ್ ಎಲ್ಲ ಹಾಕಿದ್ರು. ಎಂಜಿನ್ ಕುಂಟೋಕೆ ಶುರುಮಾಡ್ತು. ಆರಿಸಿದ್ರು, ಸರಿಹೋಯ್ತು. ಮತ್ತೆ ಹಾಕಿದ್ರು, ಮತ್ತೆ ಕುಂಟ್ತು. ನನ್ನ ಮಲ್ಟಿಮೀಟರ್ ತಗೊಂಡು ಒಂದು ಮುಳ್ಳನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಎಂಜಿನ್ ಬ್ಲಾಕ್‌ಗೆ ಹಿಡಿದ್ವಿ. ಎಲ್ಲ ಸರಿ ಇದ್ರೆ ಇಲ್ಲಿ 0.2 ವೋಲ್ಟಿಗಿಂತ ಕಡಿಮೆ ಇರಬೇಕು. ನಮಗೆ ಕಂಡಿದ್ದು 1.4. ಎಂಜಿನ್‌ನಿಂದ ಚಾಸಿಗೆ ಬರುವ ಅರ್ಥ್ ವಯರ್‌ನ ತುದಿ ರಬ್ಬರ್ ಒಳಗೆ ಹಸಿರು ಕಟ್ಟಿ ಪುಡಿಯಾಗಿತ್ತು. ಲೈಟಿನ ಕರೆಂಟ್ ಆಲ್ಟರ್ನೇಟರಿಗೆ ವಾಪಸ್ ಹೋಗೋದೂ ಅದೇ ವಯರ್‌ನಲ್ಲಿ. ದಾರಿ ಕಿರಿದಾದಾಗ ಕಾಯಿಲ್‌ಗೆ ಬಲ ಸಾಲಲ್ಲ, ಸೆನ್ಸರ್‌ಗಳ ಲೆಕ್ಕ ತಪ್ಪುತ್ತೆ, ಇಸಿಯು ಅದನ್ನು ಸೆನ್ಸರ್ ಕೆಟ್ಟಿದೆ ಅಂತ ಬರ್ಕೊಳ್ಳುತ್ತೆ.

ಹೊಸ ವಯರ್, ಹೊಸ ಲಗ್, ಉಜ್ಜಿ ಹೊಳಪು ಮಾಡಿದ ಜಾಗ, ಮೇಲೆ ಸ್ವಲ್ಪ ಗ್ರೀಸ್. ಖರ್ಚು 300 ರೂಪಾಯಿಯೂ ಆಗಲಿಲ್ಲ. ಮಿಸ್ತ್ರಿ ಕೈ ಒರೆಸ್ಕೊಳ್ತಾ ಅಂದಿದ್ದು, ‘ಮೆಷಿನ್ ಎಂತ ಹೇಳ್ತದೆ ಕೇಳಿ. ಆದ್ರೆ ಅದು ಯಾಕೆ ಹಾಗೆ ಹೇಳ್ತದೆ ಅಂತ ನಾವೇ ನೋಡ್ಬೇಕು.’

ಕಂಪ್ಯೂಟರ್ ಎಣಿಸುವ ಕಾಲ

ಸ್ಕ್ಯಾನರ್ ಅನ್ನು ಹಳಿಯೋದು ನನ್ನ ಉದ್ದೇಶ ಅಲ್ಲ. ಅದರ ಹಿಂದಿನ ಬುದ್ಧಿವಂತಿಕೆ ದೊಡ್ಡದು. 1996ರಿಂದ ಅಮೆರಿಕದಲ್ಲಿ ಮಾರುವ ಎಲ್ಲ ಹೊಸ ಕಾರುಗಳಿಗೂ ಒಬಿಡಿ-2 ಕಡ್ಡಾಯ ಆಯ್ತು. ಎಂಜಿನ್ ತನ್ನ ಮಿಸ್‌ಫೈರ್ ಅನ್ನು ತಾನೇ ಪತ್ತೆಮಾಡಬೇಕು. ಹೇಗೆ? ಕ್ರ್ಯಾಂಕ್ ಚಕ್ರದ ಅಂಚಿನಲ್ಲಿ ಹಲ್ಲುಗಳಿರುತ್ತವೆ. ಬಹಳ ಎಂಜಿನ್‌ಗಳಲ್ಲಿ 60 ಹಲ್ಲಿನ ಜಾಗ, ಅದರಲ್ಲಿ ಎರಡು ಬೇಕಂತಲೇ ಖಾಲಿ. ಒಂದು ಹಲ್ಲಿನಿಂದ ಇನ್ನೊಂದಕ್ಕೆ ಎಷ್ಟು ಸಮಯ ಹಿಡೀತು ಅಂತ ಕಂಪ್ಯೂಟರ್ ಅಳೀತಾ ಇರುತ್ತೆ. ಒಂದು ಸಿಲಿಂಡರ್ ಉರಿಯದಿದ್ರೆ ಆ ಕ್ಷಣ ಚಕ್ರ ಕೂದಲೆಳೆಯಷ್ಟು ನಿಧಾನ ಆಗುತ್ತೆ. ಪಿ0301 ಅಂತ ಬಂದ್ರೆ ಒಂದನೇ ಸಿಲಿಂಡರ್, ಪಿ0304 ಬಂದ್ರೆ ನಾಲ್ಕನೇದು, ಪಿ0300 ಬಂದ್ರೆ ನಿರ್ದಿಷ್ಟವಾಗಿ ಒಂದಲ್ಲ. ಗುಂಡಿ ಬಿದ್ದ ರಸ್ತೆಯಲ್ಲೂ ಚಕ್ರದ ವೇಗ ಹೀಗೇ ಏರುಪೇರಾಗುತ್ತೆ. ಹಾಗಾಗಿ ರಸ್ತೆ ಕೆಟ್ಟಿದೆಯಾ ಅಂತ ಎಬಿಎಸ್ ಸೆನ್ಸರ್‌ನಿಂದ ತಿಳ್ಕೊಂಡು, ಆ ಹೊತ್ತಿನ ಲೆಕ್ಕ ಕೈಬಿಡುವ ವ್ಯವಸ್ಥೆಯೂ ಹಲವು ಕಾರುಗಳಲ್ಲಿದೆ.

ಈ ನಿಯಮ ಬಂದಿದ್ದಕ್ಕೆ ಕಾರಣ ಹೊಗೆ. ನಮ್ಮಲ್ಲಿ 1995ರಿಂದ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಬಂತು. ಮಿಸ್ಸಿಂಗ್ ಆದಾಗ ಉರಿಯದ ಪೆಟ್ರೋಲ್ ಅದರೊಳಗೆ ಹೋಗಿ ಅಲ್ಲಿ ಉರಿಯುತ್ತೆ, ಒಳಗಿನ ಜೇನುಗೂಡಿನಂಥ ಸೆರಾಮಿಕ್ ಕರಗಿಹೋಗುತ್ತೆ. ಅದಕ್ಕೇ ಇವತ್ತಿನ ಕಾರಿನಲ್ಲಿ ಎಂಜಿನ್ ಲೈಟ್ ಬರೀ ಉರೀತಿದ್ರೆ ಬೇಗ ತೋರಿಸಿ, ಮಿಟುಕ್ತಿದ್ರೆ ಪಕ್ಕಕ್ಕೆ ನಿಲ್ಲಿಸಿ. ಇನ್ನೊಂದು ಎಚ್ಚರಿಕೆ: ಹಳೇ ಮಿಸ್ತ್ರಿಗಳ ಹಾಗೆ ಚಾಲೂ ಎಂಜಿನ್‌ನಲ್ಲಿ ಪ್ಲಗ್ ವಯರ್ ಕೀಳೋದು ಇಂದಿನ ಗಾಡಿಗಳಿಗೆ ಬೇಡ. ವೋಲ್ಟೇಜ್ ಬಹಳ ಜಾಸ್ತಿ, ಕಾಯಿಲ್ ಮತ್ತು ಇಸಿಯು ಸುಡಬಹುದು, ನಿಮಗೂ ಅಪಾಯ. ಅದರ ಬದಲು ಒಂದೊಂದೇ ಇಂಜೆಕ್ಟರ್‌ನ ಕನೆಕ್ಟರ್ ಬಿಚ್ಚಿ ನೋಡ್ತಾರೆ. ತರ್ಕ ಅದೇ.

ಅದಲುಬದಲಿನ ಪಾಠವೂ ಹಾಗೇ ಉಳಿದಿದೆ. ಕಾಯಿಲ್ ಪ್ಯಾಕ್ ಇರುವ ಎಷ್ಟೋ ಎಂಜಿನ್‌ಗಳಲ್ಲಿ 1 ಮತ್ತು 4ಕ್ಕೆ ಒಂದು ಕಾಯಿಲ್, 2 ಮತ್ತು 3ಕ್ಕೆ ಇನ್ನೊಂದು. 1 ಮತ್ತು 4 ಒಟ್ಟಿಗೆ ತಪ್ಪಿದ್ರೆ ಕಾಯಿಲ್ ಮೇಲೆ ಅನುಮಾನ. ಒಂದು ಮಾತ್ರ ತಪ್ಪಿದ್ರೆ ಪ್ಲಗ್, ವಯರ್, ಇಂಜೆಕ್ಟರ್. ನಾಲ್ಕೂ ಗೊತ್ತುಗುರಿಯಿಲ್ಲದೆ ತಪ್ಪಿದ್ರೆ ನಾಲ್ಕಕ್ಕೂ ಸಾಮಾನ್ಯವಾದದ್ದನ್ನು ಹುಡುಕಬೇಕು: ಪೆಟ್ರೋಲ್ ಪ್ರೆಷರ್, ಗಾಳಿ ಸೋರಿಕೆ, ಅರ್ಥಿಂಗ್.

ಉಳಿಸಿಕೊಳ್ಳಬೇಕಾದ್ದು

ಮುಂಬೈಯಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿ ಆಗಿದ್ದು 2003ರ ಅಕ್ಟೋಬರ್‌ನಲ್ಲಿ. 20 ವರ್ಷದ ಮಿತಿ ಮುಗಿದು 2023ರ ಅಕ್ಟೋಬರ್ 30ರಿಂದ ಅವು ರಸ್ತೆಯಿಂದ ಹೋದ್ವು. ಪತ್ರಿಕೆಗಳು ಕಾರಿನ ಬಗ್ಗೆ ಬರೆದ್ವು, ಜನ ಫೋಟೋ ಹಾಕಿದ್ರು. ಆ ಕಾರುಗಳನ್ನು ಓಡಿಸಿಟ್ಟ ಕೈಗಳ ಬಗ್ಗೆ ಯಾರೂ ಹೆಚ್ಚು ಮಾತಾಡಲಿಲ್ಲ. ಅವರಲ್ಲಿ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕರ್ನಾಟಕದಿಂದ ಬಂದವರೂ ಇದ್ರು. ಅವರು ಕಲಿತ ವಿದ್ಯೆ ಯಾವ ಮ್ಯಾನ್ಯುವಲ್‌ನಲ್ಲೂ ಪೂರ್ತಿ ಇಲ್ಲ. ಪಾಯಿಂಟ್, ಕಂಡೆನ್ಸರ್ ಇನ್ನು ಬೇಡ, ನಿಜ. ಆದ್ರೆ ‘ಯಾವಾಗ ತಪ್ಪುತ್ತೆ, ಎಲ್ಲಿ ತಪ್ಪುತ್ತೆ, ಬದಲಾಯಿಸಿದ್ರೆ ತಪ್ಪು ಜಾಗ ಬದಲಿಸುತ್ತಾ’ ಅನ್ನೋ ಮೂರು ಪ್ರಶ್ನೆ ಬೇಕೇ ಬೇಕು. ಆ ಪ್ರಶ್ನೆ ಕೇಳದೇ ಭಾಗ ಬದಲಾಯಿಸ್ತಾ ಹೋದ್ರೆ ದುಡ್ಡು ಹೋಗುತ್ತೆ, ಒಳ್ಳೆಯ ಗಾಡಿ ಗುಜರಿಗೆ ಹೋಗುತ್ತೆ, ಕಲಿಯೋಕೆ ಬಂದ ಹುಡುಗನಿಗೆ ಪಾನಾ ಹಿಡಿಯೋದು ಬರುತ್ತೆ, ಯೋಚನೆ ಮಾಡೋದು ಬರಲ್ಲ.

ನಿಮ್ಮ ಊರಲ್ಲಿ, ನಿಮ್ಮ ಗಲ್ಲಿಯಲ್ಲಿ ಅಂಥ ಹಿರಿಯ ಮಿಸ್ತ್ರಿ ಯಾರಾದ್ರೂ ಇದ್ರೆ ಒಂದು ಭಾನುವಾರ ಚಹಾ ಕುಡಿಸಿ ಮಾತಾಡಿಸಿ. ಒಪ್ಪಿದ್ರೆ ಫೋನಿನಲ್ಲೇ ರೆಕಾರ್ಡ್ ಮಾಡ್ಕೊಳ್ಳಿ. ಮುಂದಿನ ವಾರ ಇದೇ ದಾರಿಯಲ್ಲಿ ಸ್ವಲ್ಪ ಮುಂದೆ ಹೋಗಿ ಅಂಬರನಾಥ್-ಬದಲಾಪುರದ ಕಾರ್ಖಾನೆ ಪಟ್ಟಿಯ ಬಗ್ಗೆ ಮಾತಾಡೋಣ.